ವಿಮಾನ ಹೋಗಲಿ, ಆಮೇಲೆ ಹೇಳ್ತೀನಿ

ನಮ್ಮ ಮನೆ, ಅಂಗಡಿಯ ಮೇಲಿನ ಮಹಡಿ
ಭಾನುವಾರ, ಮಾರ್ಚ್ ಹದಿನಾಲ್ಕು, ಮಧ್ಯಾಹ್ನ

ಯಜಮಾನರೇ,

ಹೀಗೆ ಕರೆದರೆ ನಿಮಗೆ ನಗು ಬರುತ್ತದೆಂದು ಗೊತ್ತು. ನಗಿ. ಎದುರಿಗಿದ್ದಾಗ ಒಂದು 'ರೀ' ಸಾಕಾಗುತ್ತಿತ್ತು, ಕಾಗದದ ತಲೆಯ ಮೇಲೆ ಬರೀ 'ರೀ' ಎಂದು ಬರೆದರೆ ಚೆನ್ನಾಗಿ ಕಾಣುವುದಿಲ್ಲ. ಮೊದಲು ಕಿವಿಯ ವಿಷಯ ಹೇಳಿ. ಎಡಗಿವಿ ಹೇಗಿದೆ? ಗುಂಯ್ ಅನ್ನುವುದು ನಿಜವಾಗಿ ಕಡಿಮೆಯಾಗಿದೆಯೋ, ಇಲ್ಲ ನಾನು ಗಾಬರಿಯಾಗಬಾರದೆಂದು ಹಾಗೆ ಬರೆದಿದ್ದೀರೋ? ಬಲಗಿವಿಯ ಕಥೆ ಮುಗಿಯಿತು, ವಿಮಾನದ ಹೊಟ್ಟೆಗೆ ಪೆಟ್ಟಿಗೆ ತುಂಬಿ ತುಂಬಿ ಅದನ್ನು ಅಲ್ಲೇ ಬಿಟ್ಟು ಬಂದಿರಿ. ಇನ್ನೊಂದನ್ನಾದರೂ ನೋಡಿಕೊಳ್ಳಿ. ಹನಿ ಔಷಧಿ ಹಾಕಿಕೊಂಡ ಮೇಲೆ ಪಕ್ಕಕ್ಕೆ ತಿರುಗಿ ಸ್ವಲ್ಪ ಹೊತ್ತು ಮಲಗಬೇಕು. ನೀವು ಹಾಕಿಕೊಂಡ ತಕ್ಷಣ ಎದ್ದು ಓಡಾಡುವವರು, ಔಷಧಿಯೆಲ್ಲ ಅಂಗಿಯ ಕಾಲರು ಕುಡಿಯುತ್ತದೆ. ಅಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತದೆ ಎಂದು ಬರೆದಿದ್ದಿರಲ್ಲ, ಅದನ್ನು ಓದಿ ನನಗೆ ಏನೋ ಒಂಥರಾ ಆಯಿತು. ನಮ್ಮ ಮನೆಯ ಗಡಿಯಾರಕ್ಕೂ ಸದ್ದಿದೆಯೋ ಏನೋ, ನಾನಂತೂ ಕೇಳಿಲ್ಲ. ನಿಮ್ಮ ಅಕ್ಕ ಅಡುಗೆಗೆ ಉಪ್ಪು ಕಡಿಮೆ ಹಾಕುತ್ತಾರೆಂದು ದೂರಿದ್ದೀರಿ. ಹಾಕಲಿ ಬಿಡಿ, ನಿಮ್ಮ ವಯಸ್ಸಿಗೆ ಒಳ್ಳೆಯದೇ.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದಲ್ಲಿಯೇ ಇದೆ. ಮಗಳು ಫೋನು ಮಾಡಿದಾಗಲೆಲ್ಲ 'ಅಮ್ಮಾ, ಕಾಗದ ಯಾಕೆ ಬರೀತೀಯ, ಈ ಕಾಲದಲ್ಲಿ ಯಾರು ಬರೀತಾರೆ' ಎಂದು ಕೇಳುತ್ತಾಳೆ. ಅವಳಿಗೇನು ಗೊತ್ತು. ಫೋನಿನಲ್ಲಿ ನಾನು ಊಟ ಆಯ್ತಾ ಅಂತ ಕೇಳುವುದು, ನೀವು ಹೌದು ಮಳೆ ಇಲ್ಲ ಅನ್ನುವುದು, ನಾನು ಕೂಗುವುದು, ನೀವು 'ಯಾಕೆ ಬೈತೀಯ' ಅನ್ನುವುದು. ಅದಕ್ಕಿಂತ ಇದು ವಾಸಿ, ನಿಧಾನವಾಗಿ ಬೈಯಬಹುದು.

ನಿಮ್ಮ ಹೋದ ಕಾಗದ ಮಡಿಸಿ ಮಡಿಸಿ ಮಡಿಕೆಯಲ್ಲಿ ಹರಿದೇ ಹೋಗಿದೆ. ಅಕ್ಕನ ಊರಿನ ಮಾರ್ಕೆಟ್ಟಿನ ಹಿಂದೆ ಎರಡು ಕೋಣೆಯ ಮನೆ ಖಾಲಿಯಾಗಿದೆ, ನೀನು ಬರುವುದಾದರೆ ಹಿಡಿಯೋಣ, ಬರುವುದಿಲ್ಲವೆಂದರೆ ನಾನೇ ತಿಂಗಳ ಕೊನೆಗೆ ವಾಪಸ್ ಬರುತ್ತೇನೆ, ಅಕ್ಕನ ಮನೆಯಲ್ಲಿ ನೆಂಟನ ಹಾಗೆ ಎಷ್ಟು ದಿನ ಕೂರಲಿ ಎಂದಿದ್ದೀರಿ. ವಾಪಸ್ ಬರುವುದಂತೆ! ಡಾಕ್ಟರು ಹೇಳಿದ್ದನ್ನು ಅಷ್ಟು ಬೇಗ ಮರೆತಿರಾ? 'ಆ ಮನೇಲೇ ಇದ್ರೆ ಇನ್ನೊಂದು ಕಿವೀನೂ ಹೋಗುತ್ತೆ, ಆಮೇಲೆ ನನ್ನ ಹತ್ರ ಬರ್ಬೇಡಿ' ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಆದರೆ ನಾನು ಇಲ್ಲಿಂದ ಎದ್ದು ಬರುವುದೂ ಹುಡುಗಾಟದ ಮಾತಲ್ಲ. ಬಸ್ ಸ್ಟಾಪಿನ ಪಕ್ಕ ಒಂದು ಮರದ ಪೆಟ್ಟಿಗೆ, ಒಂದು ಇಕ್ಕಳ, ಒಂದು ಉಂಡೆ ಮೇಣದ ದಾರ ಇಟ್ಟುಕೊಂಡು ಕುಳಿತವಳು ನಾನು. ಇವತ್ತು ಸೂಟ್‌ಕೇಸಿನ ಚಕ್ರ ಕಿತ್ತುಹೋದರೆ ಏರ್‌ಪೋರ್ಟಿನ ಪೊಲೀಸರೇ ನಮ್ಮ ಅಂಗಡಿಗೆ ದಾರಿ ತೋರಿಸುತ್ತಾರೆ. ಮೊನ್ನೆ ಒಬ್ಬ ಬಂದಿದ್ದ, ಜಿಪ್ಪು ಬಾಯಿ ಬಿಟ್ಟಿತ್ತು, ವಿಮಾನಕ್ಕೆ ಹೊತ್ತಾಗಿತ್ತು, ಅಳುವುದೊಂದು ಬಾಕಿ. ರನ್ನರ್ ಬಿಚ್ಚಿ ಇಕ್ಕಳದಲ್ಲಿ ಒತ್ತಿ ಮತ್ತೆ ಏರಿಸಿಕೊಟ್ಟೆ. ನಮಸ್ಕಾರ ಹಾಕಿದ ರಭಸಕ್ಕೆ ತಲೆ ಕೌಂಟರಿಗೆ ತಾಗಿತು. ಈ ಅಂಗಡಿಯನ್ನು ಹೇಗೆ ಬಿಡುವುದು, ಬಿಡದಿದ್ದರೆ ನಿಮ್ಮನ್ನು ಹೇಗೆ ಬಿಡುವುದು, ನೀವೇ ಹೇಳಿ. ಅದೇ ಯೋಚನೆಯಲ್ಲಿ ಉತ್ತರ ತಡವಾಯಿತು, ಸಿಟ್ಟಾಗಬೇಡಿ.

ತಡವಾಗಲು ಇನ್ನೊಂದು ಕಾರಣವೂ ಇದೆ. ನಮ್ಮ ಬೀದಿಯ ಅಭಿಪ್ರಾಯ ಕೇಳಲು ಜನ ಬಂದಿದ್ದರು. ನಿಜವಾಗಿಯೂ! ಏರ್‌ಪೋರ್ಟಿನ ಹೊಸ ಕಟ್ಟಡ ಎದ್ದಿದೆಯಲ್ಲ, ಅದಕ್ಕೆ ಹೆದ್ದಾರಿಯಿಂದ ನೇರವಾಗಿ ಅಗಲವಾದ ರಸ್ತೆ ಬರುತ್ತದಂತೆ. ಬರಲಿ ಪಾಪ. ಆದರೆ ಅದು ಬರುವುದು ನಮ್ಮ ಬಸ್ ಸ್ಟಾಪಿನ ಎದೆಯ ಮೇಲೇ. ಬಸ್ಸುಗಳೆಲ್ಲ ಮೇಲ್ಸೇತುವೆ ಹತ್ತಿ ಸೀದಾ ಹೊಸ ಕಟ್ಟಡದ ಮುಂದೆ ನಿಲ್ಲುತ್ತವೆ, ನಮ್ಮ ಸ್ಟಾಪ್ ಇರುವುದೇ ಇಲ್ಲ. ನೆಲ ಒರೆಸುವವರು, ಊಟ ಪ್ಯಾಕ್ ಮಾಡುವವರು, ಲೋಡಿಂಗಿನವರು ಎಲ್ಲ ಹಿಂದಿನ ಗೇಟಿಗೆ ಹೋಗಬೇಕಾದರೆ ಆ ಅಗಲ ರಸ್ತೆ ದಾಟಬೇಕು. ಹೇಗೆ ದಾಟುವುದೆಂದು ಯಾರೂ ಯೋಚಿಸಿದ ಹಾಗಿಲ್ಲ. ಇದೆಲ್ಲ ತಿಳಿದದ್ದು ಸ್ಟಾಪಿನ ಕಂಬಕ್ಕೆ ಅಂಟಿಸಿದ ನೋಟಿಸಿನಿಂದ. ಏರ್‌ಪೋರ್ಟ್ ಸುತ್ತಮುತ್ತಲ ಓಡಾಟ ಮತ್ತು ಅಭಿವೃದ್ಧಿಯ ಬಗ್ಗೆ ನಾಗರಿಕರು ಬಂದು ಸಲಹೆ ಕೊಡಬೇಕು ಎಂದು ಬರೆದಿತ್ತು. ನಾಗರಿಕರು ಅಂದರೆ ನಾವೇ ಎಂದು ಹಾಲಿನಕ್ಕ ಓದಿ ಹೇಳಿದ ಮೇಲೆ ಬೀದಿಗೆಲ್ಲ ಒಂದು ಥರ ಗತ್ತು ಬಂತು. ಹಾರ್ನಪ್ಪ ಟ್ಯಾಕ್ಸಿ ತೊಳೆದ.

ಮೊದಲ ಸಭೆ ಹೊಸ ಕಟ್ಟಡದ ಮೇಲಂತಸ್ತಿನಲ್ಲಿ. ಏನು ಹೇಳಲಿ ನಿಮಗೆ, ಆ ಸಭೆಯ ಕೋಣೆಯನ್ನು ನೀವು ನೋಡಬೇಕಿತ್ತು. ಒಂದು ಗೋಡೆ ಪೂರ್ತಿ ಗಾಜು, ಅದರಾಚೆ ರನ್‌ವೇ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ಕುರ್ಚಿಗಳು ಎಷ್ಟು ಮೆತ್ತಗೆ ಎಂದರೆ ಕುಳಿತರೆ ಏಳಲು ಯಾರಾದರೂ ಕೈ ಕೊಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಚೂರೂ ಸದ್ದಿಲ್ಲ. ಬಾಗಿಲು ಮುಚ್ಚಿದ ಮೇಲೆ ನನ್ನ ಮೂಗಿನ ಉಸಿರು ನನಗೇ ಕೇಳಿಸಿತು ಕಣ್ರೀ. ಪಕ್ಕದಲ್ಲಿ ಹಾಲಿನಕ್ಕನ ಬಳೆಯ ಸದ್ದು. ಇಷ್ಟು ವರ್ಷ ಅವಳ ಜೊತೆ ಓಡಾಡಿದ್ದೇನೆ, ಅವಳ ಬಳೆ ಸದ್ದು ಮಾಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾವೆಲ್ಲ ಮಾಮೂಲಿನ ಹಾಗೆ ಮಾತಾಡಿದ್ದಕ್ಕೆ ಅಲ್ಲಿದ್ದ ಅಧಿಕಾರಿಗಳು ಜಗಳ ಶುರುವಾಯಿತೆಂದು ಬೆಚ್ಚಿಬಿದ್ದರು. ಒಬ್ಬರು ನೀರಿನ ಬಾಟಲಿ ಹಿಡಿದುಕೊಂಡು ಓಡಿ ಬಂದರು.

ಸಭೆ ನಡೆಸಿದವರು ಒಬ್ಬ ಮೇಡಂ. ದೊಡ್ಡ ದೊಡ್ಡ ನಕ್ಷೆಗಳನ್ನು ತಂದಿದ್ದರಿಂದ ಬೀದಿಯಲ್ಲಿ ಅವರಿಗೆ ಆಗಲೇ ನಕ್ಷೆ ಮೇಡಂ ಎಂದು ಹೆಸರು ಬಿದ್ದಿದೆ. ಒಳ್ಳೆಯವರು, ಮಗಳ ವಯಸ್ಸಿನವರು, ನಮ್ಮನ್ನೆಲ್ಲ ಬಾಗಿಲಿನಲ್ಲಿ ನಿಂತು ಬರಮಾಡಿಕೊಂಡರು. ಒಬ್ಬೊಬ್ಬರೇ ಮೈಕ್ ಹಿಡಿದು ನಿಮ್ಮ ಕಷ್ಟ ಹೇಳಿ ಎಂದರು. ಹಾಲಿನಕ್ಕ ಎದ್ದಳು. 'ಮೇಡಂ, ನಮ್ ಬೀದೀಲಿ ಬೆಳಗಿನ ಜಾವದ ಶಿಫ್ಟಿಗೆ ಹೋಗೋ ಹೆಂಗಸ್ರು ತುಂಬಾ ಜನ ಇದಾರೆ' ಎಂದಳು. ಅಷ್ಟರಲ್ಲಿ ಗಾಜಿನಾಚೆ ಒಂದು ವಿಮಾನ ಇಳಿಯಿತು. ಹಾಲಿನಕ್ಕ ನಿಲ್ಲಿಸಿದಳು. ನಿಮಗೆ ಹೇಳಬೇಕೆ, ನಮ್ಮ ಬೀದಿಯಲ್ಲಿ ವಿಮಾನ ಬಂದಾಗ ಯಾರು ಮಾತಾಡುತ್ತಾರೆ? ಮಾತು ಎಲ್ಲಿದೆಯೋ ಅಲ್ಲೇ ಬಿಟ್ಟು, ವಿಮಾನ ಹೋದ ಮೇಲೆ ಅಲ್ಲಿಂದಲೇ ಎತ್ತಿಕೊಳ್ಳುವುದು. ಮದುವೆಯ ಮಾತುಕತೆಯನ್ನೂ ಹಾಗೇ ಮಾಡಿದವರು ನಾವು. 'ವಿಮಾನ ಹೋಗಲಿ, ಆಮೇಲೆ ಹೇಳ್ತೀನಿ' ಎಂದು ನೀವು ನನಗೆ ಎಷ್ಟು ಸಲ ಹೇಳಿ ಆಮೇಲೆ ಮರೆತಿಲ್ಲ! ಆದರೆ ಆ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಕಣ್ಣಿಗೆ ವಿಮಾನ ಕಂಡ ಕೂಡಲೇ ಬಾಯಿ ತಾನಾಗಿಯೇ ಮುಚ್ಚಿತು. ಹಾಲಿನಕ್ಕನದು ಮಾತ್ರವಲ್ಲ, ಬೀದಿಗೆ ಬೀದಿಯೇ ಮೌನವಾಗಿ ಕುಳಿತುಬಿಟ್ಟಿತು, ಮಂಡಿಯ ಮೇಲೆ ಕೈ ಇಟ್ಟುಕೊಂಡು.

ಪಾಪ ಮೇಡಂ ಸ್ವಲ್ಪ ಹೊತ್ತು ಕಾದರು. ಮಾತು ಮುಗಿಯಿತೆಂದುಕೊಂಡು 'ತುಂಬಾ ಥ್ಯಾಂಕ್ಸ್, ಮುಂದಿನವರು' ಎಂದರು. ಮೈಕ್ ಹಾರ್ನಪ್ಪನ ಕೈಗೆ ಹೋಯಿತು. ಅವನು ಗಂಟಲು ಸರಿಮಾಡಿಕೊಂಡು, ಅಂಗಿ ಎಳೆದುಕೊಂಡು, 'ನಮ್ ಟ್ಯಾಕ್ಸಿಯೋರ ಬಗ್ಗೆ ಹೇಳ್ಬೇಕು ಅಂದ್ರೆ' ಎಂದ. ಇನ್ನೊಂದು ವಿಮಾನ. ಥ್ಯಾಂಕ್ಸ್, ಮುಂದಿನವರು. ನನ್ನ ಸರದಿ ಬಂದಾಗ ನಾನಾದರೂ ಹುಷಾರಾಗಬೇಕಿತ್ತಲ್ಲ? ಎದ್ದು ನಿಂತು ಬಸ್ ಸ್ಟಾಪ್ ಎಂದೆ, ಬಾಲದ ಮೇಲೆ ಕೆಂಪು ಪಟ್ಟಿಯಿರುವ ಆ ದೊಡ್ಡದು ಬಂತು, ನಿಲ್ಲಿಸಿದೆ. ಅದು ಹೋಗುವ ಹೊತ್ತಿಗೆ ಮೈಕ್ ಎರಡು ಕುರ್ಚಿ ದಾಟಿತ್ತು. ಕೊನೆಯಲ್ಲಿ ಮೇಡಂ ತಾವು ಬರೆದುಕೊಂಡದ್ದನ್ನು ಓದಿದರು. ಬೆಳಗಿನ ಜಾವದ ಶಿಫ್ಟಿಗೆ ಹೋಗುವ ಹೆಂಗಸರಿದ್ದಾರೆ. ಸರಿ, ಇದ್ದಾರೆ. ಅವರಿಗೆ ಏನಾಗಬೇಕು? ಅದಿಲ್ಲ. ಟ್ಯಾಕ್ಸಿಯವರೂ ಇದ್ದಾರೆ. ಬಸ್ ಸ್ಟಾಪ್ ಇದೆ. ಒಟ್ಟಿನಲ್ಲಿ ನಾವೆಲ್ಲ ಇದ್ದೇವೆ ಎಂದು ದಾಖಲಾಯಿತು. 'ನೀವು ಹೆಚ್ಚು ಆಕ್ಷೇಪಣೆ ಮಾಡದೆ ಸಹಕರಿಸಿದ್ದು ಸಂತೋಷ' ಎಂದು ಕೈ ಮುಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಯಾರ ಮೇಲೆ ಸಿಟ್ಟಾಗಲಿ? ಬಾಯಿ ಮುಚ್ಚಿಕೊಂಡವರು ನಾವೇ. ಮೆಟ್ಟಿಲಿಳಿಯುವಾಗ ಹಾಲಿನಕ್ಕ, 'ಅಲ್ವೇ, ನಾನಿನ್ನೂ ಶುರುವೇ ಮಾಡಿರ್ಲಿಲ್ಲ, ಅವರು ಥ್ಯಾಂಕ್ಸ್ ಯಾಕೆ ಹೇಳಿದ್ರು' ಎಂದು ಕೇಳಿದಳು. ಹಾರ್ನಪ್ಪ ಮನೆಯವರೆಗೂ ಒಂದು ಮಾತಾಡಲಿಲ್ಲ, ಅವನ ಹೆಂಡತಿ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದಳಂತೆ.

ದೇವರು ದೊಡ್ಡವನು, ನಕ್ಷೆ ಮೇಡಂ ಅವರ ಪೆಟ್ಟಿಗೆಯ ಚಕ್ರ ಮುರಿಯಿತು. ನಕ್ಷೆಗಳನ್ನೆಲ್ಲ ಎಳೆದುಕೊಂಡು ಓಡಾಡುವ ಪೆಟ್ಟಿಗೆ ಅದು, ಒಂದು ಚಕ್ರ ವಾಲಿಕೊಂಡು ಕಿರ್ರೋ ಅನ್ನುತ್ತಿತ್ತು. ಬುಧವಾರ ಯಾರೋ ನಮ್ಮ ಅಂಗಡಿ ತೋರಿಸಿ ಕಳಿಸಿದ್ದಾರೆ. ನಾನು ಪೆಟ್ಟಿಗೆ ಬೋರಲು ಹಾಕಿ ರಿವೆಟ್ ಹೊಡೆದು ಬಿಚ್ಚಿದೆ. ಒಳಗೆ ಕೂದಲು, ನೂಲು, ದಾರಿಯ ಕಸವೆಲ್ಲ ಸುತ್ತಿಕೊಂಡು ಚಕ್ರದ ಕಡ್ಡಿ ಸವೆದುಹೋಗಿತ್ತು. ಹೊಸ ಚಕ್ರ ಕೂರಿಸುತ್ತಾ ಕೂರಿಸುತ್ತಾ, ಮೇಡಂ ಮೊನ್ನೆ ನಾನು ಹೇಳಬೇಕೆಂದಿದ್ದು ಏನೆಂದರೆ ಎಂದು ಶುರು ಮಾಡಿದೆ. ವಿಮಾನ ಬಂತು. ನಿಲ್ಲಿಸಿದೆ. ಅವರು ನಿಲ್ಲಿಸಲಿಲ್ಲ, ಆ ಗದ್ದಲದಲ್ಲೇ ಏನೋ ಹೇಳುತ್ತಾ ಹೋದರು, ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಶೆಲ್ಫಿನ ಮೇಲೆ ಬಕಲುಗಳ ಡಬ್ಬಿ ಗಡಗಡ ಅನ್ನುತ್ತಿತ್ತು. ಹೋದ ಮೇಲೆ ನಾನು ನನ್ನ ಮಾತಿನ ಬಾಲ ಹಿಡಿದು ಮುಂದುವರಿಸಿದೆ, ಬಸ್ ಸ್ಟಾಪ್ ತೆಗೆದರೆ ಹೆಂಗಸರು ಕತ್ತಲಲ್ಲಿ ಅಷ್ಟು ದೂರ ನಡೆಯಬೇಕಾಗುತ್ತದೆ ಎಂದೆ. ಅವರು ನನ್ನನ್ನೇ ನೋಡಿದರು. 'ನೀವು ಯಾವಾಗ್ಲೂ ಹೀಗೇ ನಿಲ್ಲಿಸ್ತೀರಾ?' ಎಂದರು. ನಾವೆಲ್ಲರೂ ಹೀಗೇ ಎಂದೆ. ಅವರು ಸ್ಟೂಲಿನಿಂದ ಎದ್ದು, 'ಅಯ್ಯಯ್ಯೋ, ಹಾಗಾದ್ರೆ ಅವತ್ತು ಯಾರ ಮಾತೂ ಮುಗಿದೇ ಇರ್ಲಿಲ್ಲ!' ಎಂದು ಹಣೆ ಚಚ್ಚಿಕೊಂಡರು. ಆಮೇಲೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ತಪ್ಪು ಒಪ್ಪಿಕೊಂಡು ನಗುವ ಅಧಿಕಾರಿಯನ್ನು ನಾನು ಇದೇ ಮೊದಲು ನೋಡಿದ್ದು.

ಹಾಗಾಗಿ ಎರಡನೆಯ ಸಭೆ ನಮ್ಮ ಬೀದಿಯಲ್ಲೇ, ಹಾರ್ನಪ್ಪನ ಟ್ಯಾಕ್ಸಿ ಶೆಡ್ಡಿನಲ್ಲಿ, ಮೊನ್ನೆ ಶುಕ್ರವಾರ ಸಂಜೆ. ಟ್ಯಾಕ್ಸಿಗಳನ್ನು ಹೊರಗೆ ನಿಲ್ಲಿಸಿ, ನೆಲದ ಎಣ್ಣೆ ಕಲೆಯ ಮೇಲೆ ಮರಳು ಹಾಕಿ ಗುಡಿಸಿ, ನಾಲ್ಕು ಮೇಜು ಜೋಡಿಸಿ, ಅದರ ಮೇಲೆ ನಕ್ಷೆ ಹಾಸಿದರು. ನನ್ನ ಅಂಗಡಿ ಅದರಲ್ಲಿ ಉಗುರಿನಷ್ಟಿದೆ. ಮೇಡಂ ಎಲ್ಲರ ಕೈಗೂ ಬಣ್ಣದ ದಾರ ಕೊಟ್ಟು, ದಿನಾ ಮನೆಯಿಂದ ಎಲ್ಲಿಗೆ ಹೋಗುತ್ತೀರೋ ಅಲ್ಲಿಯವರೆಗೆ ದಾರ ಎಳೆದು ಗುಂಡುಸೂಜಿ ಚುಚ್ಚಿ ಎಂದರು. ಸ್ವಲ್ಪ ಹೊತ್ತಿಗೆಲ್ಲ ದಾರಗಳು ನಮ್ಮ ಸ್ಟಾಪಿನ ಹತ್ತಿರ ಹೇಗೆ ಗುಂಪುಗೂಡಿದವೆಂದರೆ, ಆ ಜಾಗದಲ್ಲಿ ಸೂಜಿ ಚುಚ್ಚಲು ಎಡೆಯಿರಲಿಲ್ಲ. ನಾನೊಬ್ಬಳೇ ದಾರ ಹಿಡಿದುಕೊಂಡು ನಿಂತಿದ್ದೆ. ಮನೆ ಮೇಲೆ, ಅಂಗಡಿ ಕೆಳಗೆ, ನಾನು ಎಲ್ಲಿಗೆ ಹೋಗುತ್ತೇನೆ? ಹಾಲಿನಕ್ಕ ಸುಮ್ಮನಿರಬೇಕಲ್ಲ, 'ನಿಂದು ನಕ್ಷೆಯಿಂದ ಆಚೆ ಹೋಗ್ಬೇಕು ಬಿಡೆ, ಮೇಜು ಸಾಲಲ್ಲ' ಎಂದು ಎಲ್ಲರೆದುರಿಗೆ ಕೀಟಲೆ ಮಾಡಿದಳು. ಈ ವಯಸ್ಸಿನಲ್ಲಿ ನನಗೆ ಮುಖ ಕೆಂಪಾಯಿತು. ನಕ್ಕು ಅತ್ತ ತಿರುಗಿದೆ, ಕಣ್ಣಲ್ಲಿ ನೀರು ತುಂಬಿತ್ತು, ಮರಳಿನ ದೂಳು ಎಂದೆ.

ಈ ಸಲ ಮೇಡಂ ಪಾಠ ಕಲಿತುಕೊಂಡು ಬಂದಿದ್ದರು. ವಿಮಾನ ಬಂದರೆ ಅವರೇ ಕೈ ಎತ್ತುವುದು, ಎಲ್ಲರೂ ನಿಲ್ಲಿಸುವುದು, ಹೋದ ಮೇಲೆ ಕೈ ಇಳಿಸಿ 'ಹಾಂ, ಹೇಳಿ' ಎನ್ನುವುದು. ಅವರ ಜೊತೆ ಬಂದಿದ್ದ ಇಂಜಿನಿಯರಿಗೆ ಮಾತ್ರ ಅಭ್ಯಾಸವಾಗದೆ ಪ್ರತಿ ಸಲ ವಿಮಾನದ ಜೊತೆ ಪೈಪೋಟಿಗೆ ಬಿದ್ದು ಕೂಗಿ ಗಂಟಲು ಕೂರಿಸಿಕೊಂಡರು. ಮಾತುಗಳು ಪೂರ್ತಿಯಾದವು, ಜಗಳವೂ ಪೂರ್ತಿಯಾಯಿತು. ಹಾರ್ನಪ್ಪ ಎದ್ದು, ಬಸ್ ಸ್ಟಾಪ್ ಹೋದರೆ ಹೋಗಲಿ, ನಮ್ಮ ಟ್ಯಾಕ್ಸಿಗೂ ನಾಲ್ಕು ಜನ ಹತ್ತುತ್ತಾರೆ, ನಾವೂ ಬದುಕಬೇಡವೇ ಎಂದುಬಿಟ್ಟ. ಹಾಲಿನಕ್ಕ ಅವನ ನೀರಿಳಿಸಿದಳು. 'ನಿನ್ ಹೆಂಡ್ತಿ ದಿನಾ ಬೆಳಿಗ್ಗೆ ಬಸ್ಸಲ್ಲಿ ಹೋಗ್ತಾಳಲ್ಲ, ನಿನ್ ಟ್ಯಾಕ್ಸೀಲಿ ಯಾವತ್ತಾದ್ರೂ ಬಿಟ್ಟಿದೀಯಾ?' ಎಂದಳು. ಹೆಂಡತಿ ಹಿಂದಿನ ಸಾಲಿನಿಂದ 'ಇಲ್ಲ' ಎಂದಳು, ಶೆಡ್ಡು ನಡುಗುವ ಹಾಗೆ ನಗು. ಮೇಡಂ ಎರಡೂ ಮಾತು ಬರೆದುಕೊಂಡರು. ಸ್ಟಾಪ್ ಉಳಿಯಲಿ, ಅದರ ಪಕ್ಕ ಟ್ಯಾಕ್ಸಿ ನಿಲ್ಲಲು ಜಾಗವೂ ಇರಲಿ ಎಂದು ಕೊನೆಗೆ ಹಾರ್ನಪ್ಪನೇ ಒಪ್ಪಿದ.

ನಾನು ನಿಮ್ಮ ವಿಷಯ ಹೇಳಿದೆ. ಬೈಯಬೇಡಿ. ರಸ್ತೆ ದಾಟಲು ಸಿಗ್ನಲ್ ದೀಪ ಹಾಕಿದರೆ ಸಾಕು, ಬೇಕಾದರೆ ಗಂಟೆಯ ಸದ್ದೂ ಇಡೋಣ ಎಂದು ಇಂಜಿನಿಯರು ಹೇಳಿದರು. ಗಂಟೆ ಯಾರಿಗೆ ಸ್ವಾಮಿ ಎಂದು ಕೇಳಿದೆ. ನಮ್ಮ ಮನೆಯವರು ಲೋಡಿಂಗಿನಲ್ಲಿ ಬಲಗಿವಿ ಕಳೆದುಕೊಂಡವರು, ಬಲಗಡೆಯಿಂದ ಲಾರಿ ಬಂದರೆ ಅವರಿಗೆ ತಿಳಿಯುವುದಿಲ್ಲ, ನಾನು ಅಂಗಡಿ ಬಾಗಿಲಲ್ಲಿ ನಿಂತು ಅವರು ರಸ್ತೆ ದಾಟುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ, ಅಂಥವರು ಈ ಬೀದಿಯಲ್ಲಿ ಮನೆಗೊಬ್ಬರಿದ್ದಾರೆ ಎಂದೆ. ಲೋಡಿಂಗಿನವರು ಎದ್ದು ನಿಲ್ಲಿ ಎಂದು ಹಾಲಿನಕ್ಕ ಕೂಗಿದಳು. ನಿಮ್ಮ ಗ್ಯಾಂಗಿನ ಮೇಸ್ತ್ರಿ ದೊಡ್ಡಣ್ಣ, ಹೆಂಡತಿ ಮೊಣಕೈ ಮುಟ್ಟಿದ ಮೇಲೆ ಎದ್ದರು. ಅವರಿಗೀಗ ಎರಡೂ ಕಿವಿ ಪೂರ್ತಿ ಹೋಗಿದೆ. ಒಬ್ಬೊಬ್ಬರಾಗಿ ಎದ್ದು ಶೆಡ್ಡಿನ ಅರ್ಧ ಗಂಡಸರು ನಿಂತರು. ಅವರನ್ನೆಲ್ಲ ಒಟ್ಟಿಗೆ ನೋಡಿದ್ದು ನನಗೂ ಅದೇ ಮೊದಲು. ಇಂಜಿನಿಯರು ಬರೆದುಕೊಂಡರು. ರಸ್ತೆಯ ನಡುವೆ ನಿಂತು ಸುಧಾರಿಸಿಕೊಳ್ಳಲು ಕಟ್ಟೆ, ದೂರದಿಂದ ಕಾಣುವ ದೀಪ, ದಾಟಲು ಧಾರಾಳ ಸಮಯ, ಇಷ್ಟನ್ನೂ ಯೋಜನೆಯಲ್ಲಿ ಸೇರಿಸಿ ಮೇಲಿನವರ ಮುಂದೆ ಇಡುತ್ತೇವೆ ಎಂದು ಮೇಡಂ ಹೇಳಿದರು. ಮೇಲಿನವರು ಏನು ಮಾಡುತ್ತಾರೋ ನೋಡಬೇಕು. ನಿನ್ನೆ ಬೆಳಿಗ್ಗೆ ಮೇಡಂ ತಾವೇ ಬಂದು ಸ್ಟಾಪಿನಲ್ಲಿ ನಿಂತು ಶಿಫ್ಟಿನವರ ಜೊತೆ ರಸ್ತೆ ದಾಟಿ ನೋಡಿದರು, ಅಷ್ಟಂತೂ ನಿಜ.

ಕೊನೆಯಲ್ಲಿ ಇನ್ನೊಂದಿತ್ತು. ರಸ್ತೆಯ ಕೆಲಸ ಮುಗಿಯುವವರೆಗೆ, ಅಂದರೆ ವರ್ಷಗಟ್ಟಲೆ, ತಿಂಗಳಿಗೊಮ್ಮೆ ಅಧಿಕಾರಿಗಳ ಜೊತೆ ಕುಳಿತು ಮಾತಾಡಲು ಬೀದಿಯ ಪರವಾಗಿ ಒಬ್ಬರು ಬೇಕಂತೆ, ಇಲ್ಲೇ ವಾಸವಾಗಿರುವವರು. ಮೇಡಂ ಕೇಳಿ ಮುಗಿಸಲಿಲ್ಲ, 'ಬ್ಯಾಗ್ ಅಕ್ಕ, ಬ್ಯಾಗ್ ಅಕ್ಕ' ಎಂದು ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಹಾರ್ನಪ್ಪ ಕೂಡ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪೆಟ್ಟಿಗೆ ಇಟ್ಟುಕೊಂಡು ಬೀದಿಯಲ್ಲಿ ಕುಳಿತವಳನ್ನು ಆ ಮೆತ್ತನೆಯ ಕುರ್ಚಿಗೆ ಕರೆಯುತ್ತಿದ್ದರು. ಎದ್ದು ನಿಂತು, ನಾನು ಎಂದೆ. ವಿಮಾನ ಬಂತು. ಮೇಡಂ ಕೈ ಎತ್ತಿದರು. ಅದೂ ಆ ರಾತ್ರಿಯ ಸಾಮಾನಿನ ವಿಮಾನ, ಭಾರವಾಗಿ ನಿಧಾನಕ್ಕೆ ತಲೆಯ ಮೇಲೆ ಏರುತ್ತದಲ್ಲ, ಅದು. ಇಡೀ ಶೆಡ್ಡು ನನ್ನ ಮುಖವನ್ನೇ ನೋಡುತ್ತಾ ಕಾಯಿತು, ನಾನೂ ಕಾದೆ. ಅದು ಹೋದ ಮೇಲೆ ನನ್ನ ಮಾತು ಮುಗಿಸಿದೆ. ಏನು ಹೇಳಿದೆ ಎಂದು ಸಾವಕಾಶವಾಗಿ ಬರೆಯಬೇಕೆಂದಿದ್ದೆ, ಈಗ ನೋಡಿದರೆ ಹಾಲಿನಕ್ಕ ಬಾಗಿಲಿಗೆ ಬಂದು ನಿಂತಿದ್ದಾಳೆ, ಅವಳು ಪೋಸ್ಟಾಫೀಸಿನ ಕಡೆಗೇ ಹೊರಟಿದ್ದಾಳಂತೆ, ಕಾಗದ ಕೊಟ್ಟರೆ ಅಲ್ಲಿನ ಡಬ್ಬಿಗೆ ಹಾಕುತ್ತಾಳಂತೆ. ಕೂತ್ಕೊಳ್ಳೆ ಎಂದರೆ ಕೂರುತ್ತಿಲ್ಲ.

ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮನ್ನು ಇಷ್ಟು ದಿನ ಸಹಿಸಿಕೊಂಡಿದ್ದಕ್ಕೆ ಅವರಿಗೆ ಪುಣ್ಯ ಬರಲಿ. ಅಲ್ಲಿನ ಮಕ್ಕಳಿಗೆ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ತಲೆಗೆ ಸ್ನಾನ ಮಾಡುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ನಿಮ್ಮವಳು,
ಬ್ಯಾಗ್ ಅಕ್ಕ (ಬೀದಿಗೆ ಮಾತ್ರ)

ಮರೆತೆ: ಹಾಲಿನಕ್ಕ ಗೊಣಗುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಆ ವಿಮಾನ ಹೋಗಿ, ಮೇಡಂ ಕೈ ಇಳಿಸಿದ ಮೇಲೂ ನಿಮ್ಮ ದೊಡ್ಡಣ್ಣ ಹಾಗೇ ಕತ್ತೆತ್ತಿಕೊಂಡು ಕಾಯುತ್ತಲೇ ನಿಂತಿದ್ದರು. ಸದ್ದು ನಿಂತದ್ದು ಅವರಿಗೆ ಗೊತ್ತಾಗಿರಲಿಲ್ಲ. ಹೆಂಡತಿ ತೋಳು ತಟ್ಟಿ 'ಹೋಯ್ತು, ಕೂತ್ಕೊಳ್ಳಿ' ಎಂದಳು. ಕೇಳಿಸಲಿಲ್ಲ, ಮತ್ತೆ ತಟ್ಟಿದಳು. ನಾನು ಅದನ್ನು ನೋಡುತ್ತಾ, ನಾನು ಈ ಬೀದಿಯಲ್ಲಿ ಇರುವುದಿಲ್ಲ, ನಮ್ಮ ಮನೆಯವರ ಹತ್ತಿರ ಹೋಗುತ್ತೇನೆ, ಆ ಸಭೆಗಳಿಗೆ ನನ್ನ ಬದಲು ಹಾಲಿನಕ್ಕನನ್ನು ಕಳಿಸಿ ಎಂದೆ. ಅವಳು ಅಲ್ಲೇ ಗೊಳೋ ಎಂದು ಅತ್ತಳು, ಈಗ ಇಲ್ಲಿ ನಿಂತು ಹಾಗೇನೂ ಇಲ್ಲ ಅನ್ನುತ್ತಿದ್ದಾಳೆ. ಮಾರ್ಕೆಟ್ಟಿನ ಹಿಂದಿನ ಆ ಮನೆ ಹಿಡಿಯಿರಿ, ಇವತ್ತೇ ಹೋಗಿ ಹೇಳಿ. ಮುಂದಿನ ಕೋಣೆಗೆ ಬೀದಿ ಕಡೆ ಬಾಗಿಲಿದ್ದರೆ ಅಂಗಡಿಗೆ ಆಗುತ್ತದೆ, ಇಲ್ಲದಿದ್ದರೆ ನನ್ನ ಮರದ ಪೆಟ್ಟಿಗೆ ಅಟ್ಟದ ಮೇಲೆ ಇನ್ನೂ ಗಟ್ಟಿಯಾಗಿದೆ. ಈ ತಿಂಗಳ ಕೊನೆಗೆ ನಾನೇ ಬರುತ್ತೇನೆ, ನೀವು ಈ ಕಡೆ ತಲೆ ಹಾಕಿ ಮಲಗಲೂ ಕೂಡದು. ಆ ಎಡಗಿವಿಯನ್ನು ಜೋಪಾನವಾಗಿಟ್ಟುಕೊಂಡಿರಿ. ನನಗೆ ಬೈಯಲಿಕ್ಕೆ ಉಳಿದಿರುವುದು ಅದೊಂದೇ.